ಡೆಸ್ಕ್‌ಟಾಪ್ ಸಿಂಗರಿಸೋಕೆ ಯಾವ ದಾರಿ ಹಿಡಿಯೋದು? ವಿಂಡೋಸ್, ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಹೈಪರ್‌ಲ್ಯಾಂಡ್

ನನ್ನ ಡೆಸ್ಕ್‌ಟಾಪಿನ ಸ್ಕ್ರೀನ್‌ಶಾಟ್ ನೋಡಿದವರು ಮೊದಲು ಕೇಳೋದು "ಇದನ್ನ ಹೇಗೆ ಮಾಡಿದ್ರಿ?" ಅಂತ. ಅದಕ್ಕೆ ಉತ್ತರ ಸುಲಭ. ಆಮೇಲೆ ಕೇಳುತ್ತಾರೆ, "ಹಾಗಾದ್ರೆ ನಾನು ಏನು ಹಾಕ್ಕೊಳ್ಳಲಿ? ವಿಂಡೋಸ್‌ನಲ್ಲೇ ರೇನ್‌ಮೀಟರ್ ಸಾಕಾ, ಲಿನಕ್ಸ್‌ಗೆ ಬರಬೇಕಾ, ಬಂದರೆ ಪ್ಲಾಸ್ಮಾನಾ ಹೈಪರ್‌ಲ್ಯಾಂಡಾ?" (ರೇನ್‌ಮೀಟರ್ ಅಂದರೆ ವಿಂಡೋಸ್ ಡೆಸ್ಕ್‌ಟಾಪ್ ಅಲಂಕರಿಸುವ ಸಾಫ್ಟ್‌ವೇರ್. ಪ್ಲಾಸ್ಮಾ, ಹೈಪರ್‌ಲ್ಯಾಂಡ್ ಅಂದರೆ ಲಿನಕ್ಸ್‌ನಲ್ಲಿ ಪರದೆಯ ನೋಟ ಕಟ್ಟುವ ಬೇರೆ ಬೇರೆ ಸಾಫ್ಟ್‌ವೇರ್.) ಇದಕ್ಕೆ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ. ನಾನೇ ತಿರುಗಿ ಐದಾರು ಪ್ರಶ್ನೆ ಕೇಳುತ್ತೇನೆ. ಕೇಳಿ ಕೇಳಿ ಅವೇ ಪ್ರಶ್ನೆಗಳು ಬಾಯಿಪಾಠ ಆಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದ್ದು ಒಂದು ವಿಷಯ. ಚೆಂದದ ಡೆಸ್ಕ್‌ಟಾಪ್ ಕಟ್ಟೋದು ಒಂದು ಶನಿವಾರದ ಕೆಲಸ. ಆರು ತಿಂಗಳಾದ ಮೇಲೂ, ನಾಲ್ಕು ಅಪ್‌ಡೇಟ್ ಬಂದು ಹೋದ ಮೇಲೂ ಅದು ಹಾಗೇ ಇರಬೇಕು, ಗೆಳೆಯನೊಬ್ಬ ಕೇಳಿದಾಗ ಫೈಲ್ ಕೊಟ್ಟರೆ ಅವನ ಕಂಪ್ಯೂಟರಿನಲ್ಲೂ ಹಾಗೇ ಬರಬೇಕು ಅಂದರೆ, ಆಗ ನಾವು ಆರಿಸಿಕೊಂಡ ದಾರಿ ಸರಿಯಿತ್ತಾ ಇಲ್ವಾ ಅಂತ ತಿಳಿಯುತ್ತದೆ. ಹಾಗಾಗಿ ಚಿತ್ರ ನೋಡಿ ಆರಿಸಬೇಡಿ. ಈ ಪ್ರಶ್ನೆಗಳನ್ನು ಕೇಳಿಕೊಂಡು ಆರಿಸಿ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು

ಕಂಪ್ಯೂಟರ್ ಯಾರದ್ದು? ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಅರ್ಧ ಆಯ್ಕೆಗಳು ಇಲ್ಲೇ ಮುಗಿದವು. ಐಟಿ ವಿಭಾಗದವರ ಒಪ್ಪಿಗೆ ಇಲ್ಲದೆ ಅದರಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಮನೆಯಲ್ಲಿ ನಾಲ್ಕು ಜನ ಬಳಸುವ ಕಂಪ್ಯೂಟರ್ ಆಗಿದ್ದರೆ, ನೀವು ಊರಲ್ಲಿ ಇಲ್ಲದಾಗ ಅಮ್ಮ ಅದರಲ್ಲಿ ಬ್ರೌಸರ್ ಹುಡುಕಿಕೊಳ್ಳುತ್ತಾರಾ ಅಂತ ಯೋಚಿಸಿ.

ಯಂತ್ರದ ಕಸುವು ಎಷ್ಟು? 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪಿಗೂ 16 ಜಿಬಿಯ ಹೊಸದಕ್ಕೂ ಒಂದೇ ಸಲಹೆ ಕೊಡೋಕಾಗಲ್ಲ. ಮಸುಕು ಗಾಜಿನಂಥ ಹಿನ್ನೆಲೆ, ಅಲುಗಾಡುವ ವಾಲ್‌ಪೇಪರ್, ಇವೆಲ್ಲ ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಕೊಡುತ್ತವೆ. ಲ್ಯಾಪ್‌ಟಾಪಿನಲ್ಲಿ ಅದರ ಖರ್ಚು ಬ್ಯಾಟರಿಯಿಂದಲೇ ಹೋಗಬೇಕು.

ಸಮಯ ಎಷ್ಟು ಕೊಡುತ್ತೀರಿ? ಮೊದಲ ದಿನದ ಸಮಯ ಎಲ್ಲರಿಗೂ ಇರುತ್ತದೆ, ಆ ಹುಮ್ಮಸ್ಸೇ ಬೇರೆ. ಪ್ರತಿ ತಿಂಗಳೂ ಒಂದಷ್ಟು ಹೊತ್ತು ರಿಪೇರಿಗೆ ಕೊಡ್ತೀರಾ ಅನ್ನೋದು ಪ್ರಶ್ನೆ.

ಕನ್ನಡ ಬೇಕಾ? ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಯಾರೂ ಕೇಳಲ್ಲ, ನಮಗೆ ಮಾತ್ರ ಆಮೇಲೆ ಕಾಡುತ್ತದೆ. ಕನ್ನಡ ಕಾಣಿಸೋದು ಒಂದು, ಟೈಪ್ ಮಾಡೋದು ಇನ್ನೊಂದು. ಎರಡೂ ಬೇರೆ ಬೇರೆ ಕಡೆ ಕೈಕೊಡುತ್ತವೆ, ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಕೊನೆಯದಾಗಿ, ಹಂಚಿಕೊಳ್ಳೋದು ಅಂದರೆ ನಿಮ್ಮ ಪಾಲಿಗೆ ಏನು? ಚಿತ್ರ ತೋರಿಸೋದಾ, ಥೀಮ್ ಫೈಲ್ ಕೊಡೋದಾ, ಅಥವಾ ನಿಮ್ಮ ಇಡೀ ಸೆಟಪ್ಪನ್ನು ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿಕೊಳ್ಳುವ ಹಾಗೆ ಮಾಡೋದಾ?

ವಿಂಡೋಸ್‌ನಲ್ಲೇ ಇರುತ್ತೇನೆ ಅನ್ನುವವರಿಗೆ

ಇದು ತಪ್ಪು ಆಯ್ಕೆ ಅಲ್ಲವೇ ಅಲ್ಲ. ಕೆಲಸಕ್ಕೆ ಬೇಕಾದ ಸಾಫ್ಟ್‌ವೇರ್ ವಿಂಡೋಸ್‌ನಲ್ಲೇ ಇದ್ದರೆ, ಡೆಸ್ಕ್‌ಟಾಪಿನ ಅಂದಕ್ಕೋಸ್ಕರ ಬಿಟ್ಟು ಬರೋದು ಬೇಡ. ಇಲ್ಲಿ ಮೂರು ಮೆಟ್ಟಿಲುಗಳಿವೆ, ಮೇಲೆ ಹತ್ತಿದಷ್ಟೂ ಮುರಿಯುವ ಭಯ ಜಾಸ್ತಿ.

ಮೊದಲ ಮೆಟ್ಟಿಲು ಸೆಟ್ಟಿಂಗ್ಸ್‌ನಲ್ಲೇ ಇರುವ ಪರ್ಸನಲೈಸೇಶನ್. ವಾಲ್‌ಪೇಪರ್, ಆಕ್ಸೆಂಟ್ ಬಣ್ಣ, ಕತ್ತಲೆಯ ಮೋಡ್, ಸದ್ದುಗಳು. ಇಷ್ಟನ್ನು ಹೊಂದಿಸಿ ಒಂದು ಥೀಮ್ ಆಗಿ ಉಳಿಸಿದರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಹಂಚಿಕೊಳ್ಳುವ ಫೈಲ್ ಮಾಡಿಕೊಳ್ಳಬಹುದು. ಪಡೆದವರು ಡಬಲ್ ಕ್ಲಿಕ್ ಮಾಡಿದರೆ ಮುಗಿಯಿತು. ನಾನು ನೋಡಿದ ಎಲ್ಲಾ ದಾರಿಗಳಲ್ಲಿ ಹಂಚೋದು ಇಷ್ಟು ಸಲೀಸಾಗಿರುವುದು ಇದೊಂದೇ, ಆದರೆ ಹಂಚುವುದಕ್ಕೆ ಇರುವುದೂ ಇಷ್ಟೇ. ವಿಂಡೋಸ್ ಆಕ್ಟಿವೇಟ್ ಆಗಿಲ್ಲದ ಕಂಪ್ಯೂಟರಿನಲ್ಲಿ ಈ ಪುಟವೇ ಬೀಗ ಹಾಕಿಕೊಂಡಿರುತ್ತದೆ ಅನ್ನೋದು ಗೊತ್ತಿರಲಿ, ಬಿಡಿಭಾಗ ಕೊಂಡು ಜೋಡಿಸಿದ ಪಿಸಿಗಳಲ್ಲಿ ಇದು ಎದುರಾಗುತ್ತದೆ.

ಎರಡನೇ ಮೆಟ್ಟಿಲು ರೇನ್‌ಮೀಟರ್. ಉಚಿತ, ಸೋರ್ಸ್ ಕೋಡ್ ಕೂಡ ತೆರೆದಿದೆ, 2001ರಿಂದ ಇದೆ. ಗಡಿಯಾರ, ಹವಾಮಾನ, ಹಾಡಿನ ಹೆಸರು, ಪ್ರೊಸೆಸರ್ ಎಷ್ಟು ಓಡುತ್ತಿದೆ, ಹೀಗೆ ಏನು ಬೇಕಾದರೂ ಡೆಸ್ಕ್‌ಟಾಪ್ ಮೇಲೆ ಬರೆಸಬಹುದು. ಇವನ್ನು ಸ್ಕಿನ್ ಅನ್ನುತ್ತಾರೆ. ಸ್ಕಿನ್ ಒಂದು ಸಾದಾ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡಿನಲ್ಲಿ ತೆರೆದು ಬಣ್ಣ, ಫಾಂಟ್ ಬದಲಿಸಬಹುದು. ಪ್ಯಾಕೇಜ್ ಮಾಡಿ ಕೊಟ್ಟರೆ ಬೇರೆಯವರು ಡಬಲ್ ಕ್ಲಿಕ್ ಮಾಡಿ ಹಾಕಿಕೊಳ್ಳುತ್ತಾರೆ. ಕನ್ನಡದಲ್ಲಿ ದಿನಾಂಕ ಬರೆಸಿದರೆ ಒತ್ತಕ್ಷರ ಸರಿಯಾಗೇ ಕೂರುತ್ತದೆ. ನಿರ್ಮಲಾ ಯುಐ ಅನ್ನುವ ಫಾಂಟ್ ವಿಂಡೋಸ್ ಜೊತೆಗೇ ಬರುತ್ತದೆ, ಇನ್ನೂ ಚೆಂದ ಬೇಕಿದ್ದರೆ ಬಾಲೂ ತಮ್ಮ ಅಥವಾ ಅನೇಕ್ ಕನ್ನಡ ಹಾಕಿಕೊಳ್ಳಿ, ಎರಡೂ ಉಚಿತ.

ರೇನ್‌ಮೀಟರಿನ ಮಿತಿ ಒಂದು ವಾರ ಬಳಸಿದ ಮೇಲೆ ಗೊತ್ತಾಗುತ್ತದೆ. ಅದು ಅಲಂಕರಿಸೋದು ಖಾಲಿ ಡೆಸ್ಕ್‌ಟಾಪನ್ನು ಮಾತ್ರ. ಬ್ರೌಸರ್ ತೆರೆದ ಕೂಡಲೇ ಎಲ್ಲ ಮುಚ್ಚಿಹೋಗುತ್ತದೆ. ದಿನವಿಡೀ ಪೂರ್ತಿ ಪರದೆಯ ವಿಂಡೋಗಳಲ್ಲೇ ಕೆಲಸ ಮಾಡುವವರಿಗೆ ಇದು ಸ್ಕ್ರೀನ್‌ಶಾಟಿಗೆ ಮಾತ್ರ ಒದಗುವ ಅಂದ. ಎರಡನೇ ಮಾನಿಟರ್ ಇದ್ದರೆ ಮಾತು ಬೇರೆ, ಅಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಅಲುಗಾಡುವ ವಾಲ್‌ಪೇಪರ್ ಬೇಕು ಅನ್ನುವವರು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುವ ವಾಲ್‌ಪೇಪರ್ ಎಂಜಿನ್ ಕೊಳ್ಳುತ್ತಾರೆ, ಒಂದು ಸಲ ದುಡ್ಡು ಕೊಟ್ಟರೆ ಆಯಿತು. ದುಡ್ಡು ಕೊಡೋದು ಬೇಡ ಅಂದರೆ ಲೈವ್ಲಿ ವಾಲ್‌ಪೇಪರ್ ಇದೆ. ಯಾವುದೇ ಆದರೂ, ಬೇರೆ ವಿಂಡೋ ಪೂರ್ತಿ ಪರದೆ ತುಂಬಿದಾಗ ನಿಲ್ಲುವ ಹಾಗೆ ಸೆಟ್ಟಿಂಗ್ ಇಟ್ಟುಕೊಳ್ಳಿ.

ಮೂರನೇ ಮೆಟ್ಟಿಲು ಟಾಸ್ಕ್‌ಬಾರ್, ಸ್ಟಾರ್ಟ್ ಮೆನು, ವಿಂಡೋಗಳ ಅಂಚು, ಇವನ್ನೇ ಬದಲಿಸುವುದು. ವಿಂಡ್‌ಹಾಕ್, ಎಕ್ಸ್‌ಪ್ಲೋರರ್‌ಪ್ಯಾಚರ್ ಉಚಿತ. ಸ್ಟಾರ್ಟ್11, ಸ್ಟಾರ್ಟ್‌ಆಲ್‌ಬ್ಯಾಕ್ ದುಡ್ಡಿನವು. ಇಲ್ಲಿ ನನ್ನ ಅನುಭವ ಹೇಳಬೇಕು. ಇಂಥದ್ದೊಂದು ಉಪಕರಣ ಹಾಕಿಕೊಂಡು ಖುಷಿಯಾಗಿದ್ದೆ. ಒಂದು ದಿನ ಬೆಳಿಗ್ಗೆ ಅಪ್‌ಡೇಟ್ ಆಗಿ ಲಾಗಿನ್ ಆದರೆ ಕಪ್ಪು ಪರದೆ, ಟಾಸ್ಕ್‌ಬಾರ್ ಇಲ್ಲ, ಐಕಾನ್ ಇಲ್ಲ, ಹತ್ತು ಗಂಟೆಗೆ ಮೀಟಿಂಗ್ ಬೇರೆ. ಟಾಸ್ಕ್ ಮ್ಯಾನೇಜರ್ ತೆರೆದು ಅಲ್ಲಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ಸರಿಹೋಯಿತು. ಈ ಜಾತಿಯ ಉಪಕರಣಗಳೆಲ್ಲ ವಿಂಡೋಸ್‌ನ ಒಳಗಿನ ಭಾಗಗಳಿಗೆ ಕೈ ಹಾಕುವುದರಿಂದ, ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಇವಕ್ಕೂ ಹೊಸ ಆವೃತ್ತಿ ಬರುವ ತನಕ ಕಾಯಬೇಕು. ಮನೆಯ ಗೇಮಿಂಗ್ ಪಿಸಿಯಲ್ಲಿ ಮಾಡಿ. ಸಂಬಳ ಕೊಡುವ ಲ್ಯಾಪ್‌ಟಾಪಿನಲ್ಲಿ ಬೇಡ.

ಮ್ಯಾಕ್ ಬಗ್ಗೆ ಒಂದೆರಡು ಮಾತು ಸಾಕು. ವಾಲ್‌ಪೇಪರ್, 2023ರ ಸೊನೋಮಾದಿಂದ ಡೆಸ್ಕ್‌ಟಾಪ್ ಮೇಲೆ ವಿಜೆಟ್, ಸ್ಕೆಚಿಬಾರ್ ಅನ್ನುವ ಮೇಲಿನ ಪಟ್ಟಿ, ವಿಂಡೋಗಳನ್ನು ಜೋಡಿಸೋಕೆ ಯಾಬಾಯ್ ಅಥವಾ ಏರೋಸ್ಪೇಸ್. ಕೊನೆಯ ಮೂರರ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳು, ಟೆಕ್ಸ್ಟ್ ಫೈಲಿನಲ್ಲೇ ಇರುವುದರಿಂದ ಹಂಚಲು ಸುಲಭ. ಇಷ್ಟೇ ಸಾಕು ಅನ್ನುವವರಿಗೆ ಸಾಕು, ಬೇರೆ ಬಟನ್, ಬೇರೆ ಅಂಚು ಬೇಕು ಅನ್ನುವವರಿಗೆ ಮ್ಯಾಕ್ ಜಾಗವಲ್ಲ.

ಲಿನಕ್ಸ್‌ಗೆ ಬಂದರೆ: ಗ್ನೋಮ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಹಳೆಯ ಎಷ್ಟೋ ಕಂಪ್ಯೂಟರುಗಳಲ್ಲಿ ಅದಿಲ್ಲ. ಹೀಗಾಗಿ ಲಿನಕ್ಸ್ ಕಡೆ ಬರುತ್ತಿರುವವರಲ್ಲಿ ತುಂಬಾ ಜನ ಮೊದಲು ನೋಡೋದು ಉಬುಂಟು ಅಥವಾ ಫೆಡೋರಾ. ಇವು ಲಿನಕ್ಸ್‌ನ ಸಿದ್ಧ ಆವೃತ್ತಿಗಳು, ಇಂಥವನ್ನು ಡಿಸ್ಟ್ರೋ ಅನ್ನುತ್ತಾರೆ. ಎರಡರಲ್ಲೂ ಮಾಮೂಲಾಗಿ ಇರೋ ಡೆಸ್ಕ್‌ಟಾಪ್ ಗ್ನೋಮ್.

ಗ್ನೋಮ್ ಹಾಕಿದ ದಿನವೇ ಚೆನ್ನಾಗಿ ಕಾಣುತ್ತದೆ, ಅದು ನಿಜ. ಅದನ್ನು ಕಟ್ಟುವವರಿಗೆ ಹೇಗೆ ಕಾಣಬೇಕು ಅನ್ನುವ ಬಗ್ಗೆ ಗಟ್ಟಿಯಾದ ಅಭಿಪ್ರಾಯವಿದೆ. 2019ರಲ್ಲೇ ಆ್ಯಪ್ ಬರೆಯುವ ಕೆಲವರು "ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮ್ ಹೇರಬೇಡಿ" ಅಂತ ಬಹಿರಂಗ ಪತ್ರ ಬರೆದಿದ್ದರು. ಅವರ ವಾದದಲ್ಲಿ ಹುರುಳಿದೆ: ಥೀಮ್ ಹಾಕಿದ್ದರಿಂದ ಬಟನ್ ಕಾಣದೆ ಹೋದರೆ ದೂರು ಬರೋದು ಆ್ಯಪ್ ಬರೆದವರಿಗೆ. ಆಮೇಲೆ 2022ರ ಗ್ನೋಮ್ 42ರಿಂದ ಲಿಬ್‌ಅದ್ವೈತ ಅನ್ನುವ ಲೈಬ್ರರಿ ಬಂತು, ಅದನ್ನು ಬಳಸುವ ಆ್ಯಪ್‌ಗಳು ಹಳೆಯ ರೀತಿಯ ಥೀಮ್‌ಗಳನ್ನು ಸುಲಭಕ್ಕೆ ಒಪ್ಪಲ್ಲ. ಹಾಗಾಗಿ ಥೀಮ್ ಹಾಕಿದರೆ ಅರ್ಧ ಆ್ಯಪ್ ಹೊಸ ಬಣ್ಣದಲ್ಲಿ, ಅರ್ಧ ಹಳೆಯ ಬಣ್ಣದಲ್ಲಿ ನಿಲ್ಲುತ್ತವೆ. 2024ರ ಗ್ನೋಮ್ 47ರಲ್ಲಿ ಆಕ್ಸೆಂಟ್ ಬಣ್ಣ ಆರಿಸುವ ಸೌಲಭ್ಯ ಬಂದಿದೆ, ಅದಷ್ಟು ಸಮಾಧಾನ.

ಉಳಿದದ್ದೆಲ್ಲ ಎಕ್ಸ್‌ಟೆನ್ಶನ್ ಅನ್ನುವ ಸಣ್ಣ ಸೇರ್ಪಡೆಗಳಿಂದ. ಡ್ಯಾಶ್ ಟು ಡಾಕ್, ಬ್ಲರ್ ಮೈ ಶೆಲ್, ಜಸ್ಟ್ ಪರ್ಫೆಕ್ಷನ್, ಈ ಮೂರು ಹಾಕಿದರೇ ನೋಟ ಪೂರ್ತಿ ಬದಲಾಗುತ್ತದೆ. ಆದರೆ ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಎಕ್ಸ್‌ಟೆನ್ಶನ್‌ಗಳು ಒಂದೊಂದು ಆವೃತ್ತಿಗೂ ಮತ್ತೆ ಹೊಂದಿಸಿಕೊಳ್ಳಬೇಕು. ಬರೆದವರು ಬಿಡುವಿಲ್ಲದೆ ಸುಮ್ಮನಾದರೆ ನಿಮ್ಮ ಡಾಕ್ (ಆ್ಯಪ್ ಐಕಾನ್‌ಗಳ ಸಾಲು) ಮಾಯ. ನನ್ನ ಸಲಹೆ: ಗ್ನೋಮ್ ಆರಿಸಿದರೆ ಐದಕ್ಕಿಂತ ಜಾಸ್ತಿ ಎಕ್ಸ್‌ಟೆನ್ಶನ್ ಬೇಡ, ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲದ) ಆವೃತ್ತಿ ಹಾಕಿಕೊಳ್ಳಿ, ಎರಡು ವರ್ಷ ಒಂದೇ ಗ್ನೋಮ್‌ನಲ್ಲಿ ನೆಮ್ಮದಿಯಾಗಿರಬಹುದು.

ಕನ್ನಡದ ವಿಷಯದಲ್ಲಿ ಗ್ನೋಮ್ ನನಗೆ ತುಂಬಾ ಇಷ್ಟ. ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಅದರೊಳಗೇ ಬೆರೆತಿದೆ. ಐಬಸ್-ಎಂ17ಎನ್ ಹಾಕಿದರೆ ಕೆಜಿಪಿ ಕೀಬೋರ್ಡ್ ವಿನ್ಯಾಸ ಸಿಗುತ್ತದೆ, ಅಂದರೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸವಿರುವವರು ಅದೇ ಬೆರಳಿನಲ್ಲಿ ಮುಂದುವರಿಯಬಹುದು. ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್.

ಹಂಚೋದಕ್ಕೂ ಪರವಾಗಿಲ್ಲ. ಸೆಟ್ಟಿಂಗ್‌ಗಳೆಲ್ಲ ಡಿಕಾನ್ಫ್ ಅನ್ನುವ ಒಂದೇ ಉಗ್ರಾಣದಲ್ಲಿವೆ, ಒಂದು ಆಜ್ಞೆ ಕೊಟ್ಟರೆ ಅಷ್ಟನ್ನೂ ಟೆಕ್ಸ್ಟ್ ಫೈಲಿಗೆ ಇಳಿಸಬಹುದು. ಕೊಡುವ ಮುಂಚೆ ಒಮ್ಮೆ ಓದಿ, ನಿಮ್ಮ ಫೋಲ್ಡರುಗಳ ಹೆಸರು, ಹವಾಮಾನಕ್ಕೆಂದು ಕೊಟ್ಟ ಊರಿನ ಹೆಸರು ಎಲ್ಲ ಅದರಲ್ಲಿರಬಹುದು.

ಪ್ಲಾಸ್ಮಾ: ಬೇಕಾದ್ದೆಲ್ಲ ಸೆಟ್ಟಿಂಗ್ಸ್‌ನಲ್ಲೇ

ಯಾರಾದರೂ "ನನಗೆ ಟಿಂಕರ್ ಮಾಡೋದು ಇಷ್ಟ, ಆದರೆ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಅಂದರೆ ಭಯ" ಅಂದರೆ ನಾನು ಯೋಚಿಸದೆ ಹೇಳೋದು ಕೆಡಿಇ ಪ್ಲಾಸ್ಮಾ. ಟಾಸ್ಕ್‌ಬಾರಿನಂಥ ಪಟ್ಟಿಯನ್ನು ಮೇಲಿಡಿ, ಎಡಕ್ಕಿಡಿ, ಮೂರು ಪಟ್ಟಿ ಮಾಡಿ. ವಿಂಡೋ ಅಂಚು, ಐಕಾನ್, ಕರ್ಸರ್, ಲಾಗಿನ್ ಪರದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಆಯ್ಕೆ. ಸೆಟ್ಟಿಂಗ್ಸ್ ಒಳಗಿಂದಲೇ ಬೇರೆಯವರು ಮಾಡಿದ ಥೀಮ್ ಇಳಿಸಿಕೊಳ್ಳಬಹುದು, ನೀವು ಮಾಡಿದ್ದನ್ನು ಕೆಡಿಇ ಸ್ಟೋರಿಗೆ ಹಾಕಬಹುದು.

ಹೀಗೆ ಥೀಮ್ ಇಳಿಸಿಕೊಳ್ಳುವ ಬಗ್ಗೆಯೇ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ಒಬ್ಬರು ಸ್ಟೋರಿನಿಂದ ಇಡೀ ನೋಟವನ್ನು ಒಮ್ಮೆಗೇ ಬದಲಿಸುವ ಒಂದು ಗ್ಲೋಬಲ್ ಥೀಮ್ ಹಾಕಿದರು, ಅದರೊಳಗಿದ್ದ ಕೋಡಿನ ತಪ್ಪಿನಿಂದ ಅವರ ಸ್ವಂತ ಫೈಲುಗಳೇ ಅಳಿಸಿಹೋದವು. ಆಮೇಲೆ ಕೆಡಿಇಯವರೇ ಎಚ್ಚರಿಕೆ ಕೊಟ್ಟರು. ಬಣ್ಣದ ಪಟ್ಟಿ, ವಾಲ್‌ಪೇಪರ್, ಐಕಾನ್ ಇವು ಬರೀ ದತ್ತಾಂಶ, ಇವುಗಳಿಂದ ಅಷ್ಟು ಅಪಾಯವಿಲ್ಲ. ಗ್ಲೋಬಲ್ ಥೀಮ್, ವಿಜೆಟ್ ಇವುಗಳಲ್ಲಿ ಓಡುವ ಕೋಡ್ ಇರಬಹುದು. ಥೀಮ್ ಅಂದರೆ ಸುಮ್ನೆ ಬಣ್ಣ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಹಾಗಲ್ಲ. ಹಾಕುವ ಮುಂಚೆ ಬ್ಯಾಕಪ್ ಇರಲಿ.

2024ರ ಫೆಬ್ರವರಿ 28ಕ್ಕೆ ಪ್ಲಾಸ್ಮಾ 6 ಬಂದಾಗ ಪ್ಲಾಸ್ಮಾ 5ಕ್ಕೆ ಬರೆದ ವಿಜೆಟ್‌ಗಳು ಹಾಗೇ ನಡೆಯಲಿಲ್ಲ, ತಿದ್ದಿ ಬರೆಯಬೇಕಾಯಿತು. ಅಂಥ ದೊಡ್ಡ ಜಿಗಿತ ಅಪರೂಪ, ಮಧ್ಯದ ಅಪ್‌ಡೇಟ್‌ಗಳಲ್ಲಿ ನನಗೆ ಏನೂ ಮುರಿದಿಲ್ಲ.

ಪ್ಲಾಸ್ಮಾದ ದೌರ್ಬಲ್ಯ ಇರೋದು ಹಂಚಿಕೆಯಲ್ಲಿ. ಸೆಟ್ಟಿಂಗ್‌ಗಳು ಹತ್ತಾರು ಫೈಲುಗಳಲ್ಲಿ ಹರಡಿಕೊಂಡಿರುತ್ತವೆ. ನೀವು ಆರಿಸಿದ ಬಣ್ಣ ಯಾವುದು, ನಿನ್ನೆ ಸಂಜೆ ವಿಂಡೋ ಎಷ್ಟು ಅಗಲ ಇತ್ತು ಅನ್ನುವ ನೆನಪು ಯಾವುದು, ಎರಡೂ ಒಂದೇ ಫೈಲಿನಲ್ಲಿ ಕಲಸಿಹೋಗಿರುತ್ತವೆ. ಕಾನ್‌ಸೇವ್ ಅನ್ನುವ ಸಣ್ಣ ಉಪಕರಣ ಇವನ್ನು ಒಟ್ಟುಗೂಡಿಸಿ ಒಂದು ಪ್ರೊಫೈಲ್ ಮಾಡುತ್ತದೆ. ನಿಮ್ಮದೇ ಎರಡು ಕಂಪ್ಯೂಟರಿನ ನಡುವೆ ಸಾಗಿಸಲು ಅದು ಚೆನ್ನ. ಬೇರೆಯವರಿಗೆ ಕೊಡಲು ನಾನು ಚಿತ್ರದ ಜೊತೆ ಒಂದು ಪಟ್ಟಿ ಬರೆದು ಕೊಡುತ್ತೇನೆ: ಬಣ್ಣ ಇಂಥದ್ದು, ಐಕಾನ್ ಇಂಥದ್ದು, ಫಾಂಟ್ ಇಂಥದ್ದು. ಅವರು ಹತ್ತು ನಿಮಿಷದಲ್ಲಿ ಕೈಯಾರೆ ಹಾಕಿಕೊಳ್ಳುತ್ತಾರೆ.

ಹಳೆಯ ಲ್ಯಾಪ್‌ಟಾಪಿಗೆ: ಸಿನಮನ್, ಎಕ್ಸ್‌ಎಫ್‌ಸಿಇ

ನನ್ನ ತಂಗಿಯ ಹತ್ತಿರ ಕಾಲೇಜಿನ ಕಾಲದ 4 ಜಿಬಿ ಲ್ಯಾಪ್‌ಟಾಪ್ ಇತ್ತು. ಮೂಲೆ ಸೇರಿತ್ತು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ಒಂದು ತೆಳು ಪಟ್ಟಿ, ಪೇಪಿರಸ್ ಐಕಾನ್, ಜೋಗದ ಫೋಟೋ ಹಾಕಿ ಕೊಟ್ಟೆ. ಈಗ ಅವಳ ಮಗಳು ಅದರಲ್ಲಿ ಓದಿಕೊಳ್ಳುತ್ತಿದ್ದಾಳೆ, ನಾನು ಹಾಕಿಕೊಟ್ಟ ನೋಟ ಒಂದಿಷ್ಟೂ ಕದಲಿಲ್ಲ. ಎಕ್ಸ್‌ಎಫ್‌ಸಿಇ 1996ರಿಂದ ಇದೆ, ನಿಧಾನವಾಗಿ ಬದಲಾಗುತ್ತದೆ, ಹೊಸ ಆವೃತ್ತಿಗಳ ನಡುವೆ ಒಂದೆರಡು ವರ್ಷವೇ ಕಳೆಯುತ್ತದೆ. ನಿಧಾನ ಅಂತ ಕೆಲವರಿಗೆ ಬೇಜಾರು. ಮಾಡಿಟ್ಟದ್ದು ಉಳಿಯಬೇಕು ಅನ್ನುವವರಿಗೆ ಅದೇ ವರ.

ಇದರಲ್ಲಿ ಮಸುಕು ಗಾಜು, ನಯವಾದ ಅನಿಮೇಶನ್ ಸಿಗಲ್ಲ. ಆದರೆ ಥೀಮ್ ಚೆನ್ನಾಗಿ ಹಿಡಿಯುತ್ತದೆ. ಚಿಕಾಗೋ95 ಅನ್ನುವ ಥೀಮ್ ಹಾಕಿದರೆ ವಿಂಡೋಸ್ 95ರ ಹಾಗೇ ಕಾಣುತ್ತದೆ, ಆ ಕಾಲದಲ್ಲಿ ಕಂಪ್ಯೂಟರ್ ಕಲಿತ ಹಿರಿಯರಿಗೆ ಬಟನ್ ಯಾವುದು, ವಿಂಡೋ ಯಾವುದು ಅಂತ ಥಟ್ಟನೆ ಗೊತ್ತಾಗುತ್ತದೆ. ಪಟ್ಟಿಯ ಜೋಡಣೆಯನ್ನು ಪ್ಯಾನೆಲ್ ಪ್ರೊಫೈಲ್ಸ್ ಅನ್ನುವ ಉಪಕರಣದಲ್ಲಿ ಉಳಿಸಿ ಇನ್ನೊಬ್ಬರಿಗೆ ಕೊಡಬಹುದು.

ಸಿನಮನ್ ಸ್ವಲ್ಪ ಭಾರ, ಸ್ವಲ್ಪ ಚೆಂದ. ವಿಂಡೋಸ್‌ನಿಂದ ಬಂದವರಿಗೆ ಹೆಚ್ಚು ಪರಿಚಿತ. 8 ಜಿಬಿ ಇದ್ದು, ಕಂಪ್ಯೂಟರ್ ಮನೆಯವರೆಲ್ಲರದ್ದೂ ಆಗಿದ್ದರೆ ನಾನು ಇದನ್ನೇ ಹಾಕಿಕೊಡುತ್ತೇನೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಮೊದಲೇ ಇರುತ್ತದೆ, ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ನಿನ್ನೆಯ ಸ್ಥಿತಿಗೆ ತಿರುಗಿಸಬಹುದು. ಅದು ಡಾಕ್ಯುಮೆಂಟು, ಫೋಟೋಗಳ ಬ್ಯಾಕಪ್ ಅಲ್ಲ, ಅದನ್ನು ಬೇರೆ ಮಾಡಿಟ್ಟುಕೊಳ್ಳಿ.

ಐ3, ಸ್ವೇ, ಹೈಪರ್‌ಲ್ಯಾಂಡ್: ಎಲ್ಲರೂ ಕೇಳುವುದು ಇದನ್ನೇ

ಆನ್‌ಲೈನಿನಲ್ಲಿ ಕಣ್ಣು ಕುಕ್ಕುವ ಡೆಸ್ಕ್‌ಟಾಪ್‌ಗಳು ಹೆಚ್ಚಾಗಿ ಇವುಗಳಲ್ಲಿ ಕಟ್ಟಿದ್ದು. ಐ3 ಬಂದದ್ದು 2009ರಲ್ಲಿ. ಅದರದ್ದೇ ಕಾನ್ಫಿಗ್ ಅರ್ಥಮಾಡಿಕೊಳ್ಳುವ ಸ್ವೇ, ಪರದೆಗೆ ಚಿತ್ರ ಕಳಿಸುವ ಲಿನಕ್ಸ್‌ನ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆಂದು ಬರೆದದ್ದು, ಅದರ 1.0 ಬಂದದ್ದು 2019ರಲ್ಲಿ. ಹೈಪರ್‌ಲ್ಯಾಂಡ್ 2022ರದ್ದು, ಅನಿಮೇಶನ್, ದುಂಡನೆಯ ಮೂಲೆ, ಮಸುಕು ಹಿನ್ನೆಲೆ ಎಲ್ಲ ಅದರಲ್ಲೇ ಇದೆ. ವಿಂಡೋಗಳು ಒಂದರ ಮೇಲೊಂದು ಬೀಳದೆ ನೆಲದ ಮೇಲಿನ ಹಾಸುಗಲ್ಲಿನ ಹಾಗೆ ಪಕ್ಕಪಕ್ಕ ಕೂರುತ್ತವೆ, ಕೀಬೋರ್ಡಿನಿಂದಲೇ ಓಡಾಟ.

ಇದನ್ನು ಆರಿಸುವ ಮುಂಚೆ ತಿಳಿಯಬೇಕಾದ್ದು ಇಷ್ಟು. ಇವು ಪೂರ್ತಿ ಡೆಸ್ಕ್‌ಟಾಪ್ ಅಲ್ಲ. ಗಡಿಯಾರ ತೋರಿಸುವ ಪಟ್ಟಿಗೆ ವೇಬಾರ್, ಆ್ಯಪ್ ತೆರೆಯೋಕೆ ರೋಫಿ, ಸೂಚನೆ ತೋರಿಸಲು ಮಾಕೋ, ಬೀಗದ ಪರದೆ ಬೇರೆ, ಸ್ಕ್ರೀನ್‌ಶಾಟಿಗೆ ಬೇರೆ, ವೈಫೈ, ಬ್ಲೂಟೂತ್, ಸದ್ದಿನ ಬಟನ್, ಎಲ್ಲವನ್ನೂ ನೀವೇ ಹುಡುಕಿ ಜೋಡಿಸಬೇಕು. ಮನೆ ಬಾಡಿಗೆಗೆ ಹಿಡಿಯೋದಕ್ಕೂ ಸೈಟು ತಗೊಂಡು ಕಟ್ಟಿಸೋದಕ್ಕೂ ಇರುವ ವ್ಯತ್ಯಾಸ ಇದು. ಕಟ್ಟಿಸುವ ಖುಷಿ ದೊಡ್ಡದು, ಪ್ರತಿ ಇಟ್ಟಿಗೆ ಎಲ್ಲಿದೆ ಅಂತ ಗೊತ್ತಿರುತ್ತದೆ. ಕ್ಲಾಸಿನಲ್ಲಿ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಚುಚ್ಚಿ ಎಲ್ಲರೂ ಕಾಯುತ್ತಿರುವಾಗ, ಎರಡನೇ ಪರದೆಗೆ ಕಾನ್ಫಿಗ್ ಬರೆದಿಲ್ಲ ಅಂತ ನೆನಪಾಗೋದೂ ಇದರ ಭಾಗ.

ಮೂರರಲ್ಲಿ ಯಾವುದು? ಐ3 ಮತ್ತು ಸ್ವೇ ಕಾನ್ಫಿಗ್ ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ಹೈಪರ್‌ಲ್ಯಾಂಡ್ ಬೇಗ ಬೇಗ ಬೆಳೆಯುತ್ತಿದೆ, ಅಪ್‌ಡೇಟ್ ಆದಾಗ ಕಾನ್ಫಿಗ್ ಸಾಲುಗಳ ಹೆಸರು ಬದಲಾಗಿ ಕೆಂಪು ಪಟ್ಟಿಯಲ್ಲಿ ದೋಷ ತೋರಿಸೋದು ಮಾಮೂಲು. ಎನ್‌ವಿಡಿಯಾ ಕಾರ್ಡ್ ಇದ್ದರೆ ವೇಲ್ಯಾಂಡ್‌ನಲ್ಲಿ ಮೊದಲಿಗಿಂತ ಪರಿಸ್ಥಿತಿ ಎಷ್ಟೋ ವಾಸಿ, ಆದರೂ ಇಂಟೆಲ್, ಎಎಂಡಿಯಷ್ಟು ನಿರಾಳ ಅಲ್ಲ. ರಜೆಯಲ್ಲಿರುವ ವಿದ್ಯಾರ್ಥಿಗೆ, ಕಲಿಯುವ ಆಸೆ ಇರುವವರಿಗೆ ಹೈಪರ್‌ಲ್ಯಾಂಡ್ ಧಾರಾಳವಾಗಿ ಹೇಳುತ್ತೇನೆ. ಕೆಲಸ ನಡೆಯಬೇಕು, ಕೀಬೋರ್ಡಿನ ವೇಗವೂ ಬೇಕು ಅನ್ನುವವರಿಗೆ ಸ್ವೇ.

ಕನ್ನಡ ಟೈಪಿಂಗ್ ಇಲ್ಲಿ ತಾನಾಗಿ ಬರಲ್ಲ. ಐಬಸ್‌ನಂಥದ್ದೇ ಆದ ಎಫ್‌ಸಿಐಟಿಎಕ್ಸ್ 5 ಹಾಕಿ, ಅದಕ್ಕೆ ಎಂ17ಎನ್ ಸೇರಿಸಿ, ಲಾಗಿನ್ ಆದಾಗ ಶುರುವಾಗುವ ಹಾಗೆ ಕಾನ್ಫಿಗ್‌ನಲ್ಲಿ ಒಂದು ಸಾಲು ಬರೆಯಬೇಕು. ಅರ್ಧ ಗಂಟೆಯ ಕೆಲಸ.

ಕನ್ನಡ ಕಾಣಿಸುವ ವಿಷಯ ಇನ್ನೂ ಸೂಕ್ಷ್ಮ. ನಾನು ಒಮ್ಮೆ ಕಾಂಕಿಯಲ್ಲಿ (ರೇನ್‌ಮೀಟರ್ ಹಾಗೆ ಡೆಸ್ಕ್‌ಟಾಪ್ ಮೇಲೆ ಮಾಹಿತಿ ಬರೆಸುವ ಲಿನಕ್ಸ್ ಸಾಫ್ಟ್‌ವೇರ್) ವಾರದ ಹೆಸರು ಕನ್ನಡದಲ್ಲಿ ಬರೋ ಹಾಗೆ ಮಾಡಿದ್ದೆ. ಸೋಮವಾರ ಮಾಡಿದ್ದು, ಗುಣಿತಾಕ್ಷರ ಸ್ವಲ್ಪ ಓರೆಯಾಗಿ ಕೂತಿದ್ದರೂ ಓದೋಕೆ ತೊಂದರೆ ಇರಲಿಲ್ಲ. ಶುಕ್ರವಾರ ನೋಡಿದರೆ "ಶುಕ್‌ರವಾರ" ಅಂತ ಒಡೆದು ನಿಂತಿತ್ತು. ವಾರದ ಏಳು ಹೆಸರುಗಳಲ್ಲಿ ಒತ್ತಕ್ಷರ ಇರೋದು ಅದೊಂದರಲ್ಲೇ! ಕಾಂಕಿ, ಪಾಲಿಬಾರ್ (ವೇಬಾರ್ ಹಾಗೆಯೇ ಒಂದು ಪಟ್ಟಿ) ಅಂಥವು ಅಕ್ಷರಗಳನ್ನು ಒಂದೊಂದಾಗಿ ಇಡುತ್ತಾ ಹೋಗುತ್ತವೆ, ಒತ್ತು ಕಟ್ಟುವ ಕೆಲಸ ಮಾಡಲ್ಲ. ವೇಬಾರ್ ಪ್ಯಾಂಗೋ ಅನ್ನುವ ಲೈಬ್ರರಿ ಬಳಸುವುದರಿಂದ ಅಲ್ಲಿ ಸರಿಯಾಗಿ ಬರುತ್ತದೆ. ಟರ್ಮಿನಲ್‌ಗಳಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಕೋಣೆ, ಕನ್ನಡ ಅಲ್ಲಿ ಯಾವತ್ತೂ ಇಕ್ಕಟ್ಟು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಕನ್ನಡ ಬೇಕಿದ್ದರೆ, ಪರೀಕ್ಷೆಗೆ "ಶುಕ್ರವಾರ, ಅಕ್ಟೋಬರ್" ಅಂತ ಬರೆದು ನೋಡಿ. ಅದು ಸರಿಯಾಗಿ ಕಂಡರೆ ಮಿಕ್ಕದ್ದೂ ಕಾಣುತ್ತದೆ.

ಏನೂ ಬದಲಿಸದೆ ಬಣ್ಣ ಮಾತ್ರ

ಆಫೀಸ್ ಲ್ಯಾಪ್‌ಟಾಪ್ ಇರುವವರಿಗೆ, ಸಮಯ ಇಲ್ಲದವರಿಗೆ ನಾನು ಹೇಳುವ ದಾರಿ ಇದು. ಒಂದು ಬಣ್ಣದ ಕಟ್ಟು ಆರಿಸಿಕೊಳ್ಳಿ. ಗ್ರುವ್‌ಬಾಕ್ಸ್ ಮಣ್ಣಿನ ಬಣ್ಣದ್ದು, ನಾರ್ಡ್ ತಣ್ಣನೆಯ ನೀಲಿ, ಡ್ರಾಕುಲಾ ಕಡು ನೇರಳೆ, ಕ್ಯಾಟ್‌ಪುಚಿನ್‌ನಲ್ಲಿ ಬಿಳುಪಿನಿಂದ ಕಡುಬಣ್ಣದ ತನಕ ನಾಲ್ಕು ಬಗೆ. ಬ್ರೌಸರ್, ವಿಎಸ್ ಕೋಡ್, ಟರ್ಮಿನಲ್, ಹೀಗೆ ನೂರಾರು ಆ್ಯಪ್‌ಗಳಿಗೆ ಇವುಗಳ ಥೀಮ್ ಸಿದ್ಧ ಇದೆ. ವಾಲ್‌ಪೇಪರ್ ಕೂಡ ಅದೇ ಬಣ್ಣಕ್ಕೆ ಹೊಂದುವುದು ಹಾಕಿ. ಬ್ರೌಸರ್ ಎಕ್ಸ್‌ಟೆನ್ಶನ್‌ಗೂ ಆಫೀಸಿನ ನಿಯಮ ಇರಬಹುದು, ಅದನ್ನು ನೋಡಿಕೊಂಡು ಮಾಡಿ. ಖರ್ಚು ಸೊನ್ನೆ, ಮುರಿಯುವುದು ಏನೂ ಇಲ್ಲ, ಹಂಚೋದಕ್ಕೆ ಬಣ್ಣದ ಹೆಸರು ಹೇಳಿದರೆ ಸಾಕು. ಲಿನಕ್ಸ್‌ಗೆ ಬರೋ ಯೋಚನೆ ಇರುವವರೂ ಇಲ್ಲಿಂದಲೇ ಶುರು ಮಾಡಿ, ಮುಂದೆ ಯಾವ ಡೆಸ್ಕ್‌ಟಾಪ್ ಆರಿಸಿದರೂ ಇದೇ ಬಣ್ಣ ಜೊತೆಗೆ ಬರುತ್ತದೆ.

ಇನ್ನೂ ಎರಡು ಮೂರರ ನಡುವೆ ಒದ್ದಾಡುತ್ತಿದ್ದರೆ ಒಂದು ಪೆನ್‌ಡ್ರೈವ್ ತಗೊಳ್ಳಿ. ಮಿಂಟ್, ಫೆಡೋರಾ ಕೆಡಿಇ, ಉಬುಂಟು, ಎಲ್ಲವನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಒಂದೊಂದರಲ್ಲೂ ಒಂದು ಸಂಜೆ ಕಳೆಯಿರಿ. ಕಣ್ಣಿಗೆ ಇಷ್ಟವಾಗಿದ್ದು ಕೈಗೂ ಒಗ್ಗುತ್ತಾ ಅಂತ ಆಗ ಗೊತ್ತಾಗುತ್ತದೆ.

ಹಂಚಿಕೊಳ್ಳುವಾಗ

ಸ್ಕ್ರೀನ್‌ಶಾಟ್ ಹಾಕುವ ಮುಂಚೆ ಅದನ್ನು ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಬ್ರೌಸರ್ ಟ್ಯಾಬಿನಲ್ಲಿ ಬ್ಯಾಂಕಿನ ಹೆಸರು, ಸೂಚನೆಯಲ್ಲಿ ಒಟಿಪಿ, ಟರ್ಮಿನಲ್‌ನಲ್ಲಿ ಆಫೀಸಿನ ಸರ್ವರ್ ವಿಳಾಸ, ಡೆಸ್ಕ್‌ಟಾಪ್ ಮೇಲೆ ಆಧಾರ್ ಕಾರ್ಡಿನ ಫೈಲ್, ಇವೆಲ್ಲ ಗೊತ್ತಿಲ್ಲದೆ ಹೊರಗೆ ಹೋಗುತ್ತವೆ. ವಾಲ್‌ಪೇಪರ್ ಯಾರ ಚಿತ್ರ ಅಂತ ಬರೆಯಿರಿ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಂಪಿ, ಬೇಲೂರು, ಜೋಗದ ಒಳ್ಳೆಯ ಫೋಟೋಗಳು ಇವೆ, ಹೆಚ್ಚಿನವು ತೆಗೆದವರ ಹೆಸರು ಹಾಕಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟಿರೋದು. ಆ ಹೆಸರು ಹಾಕೋದು ಅವರಿಗೆ ನಾವು ಕೊಡುವ ಕನಿಷ್ಠ ಗೌರವ.

ಲಿನಕ್ಸ್‌ನವರು ಕಾನ್ಫಿಗ್ ಫೈಲುಗಳನ್ನು ಡಾಟ್‌ಫೈಲ್ ಅನ್ನುತ್ತಾರೆ, ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಆ ಹೆಸರು. ಇವನ್ನು ಕೋಡ್ ಹಂಚುವ ತಾಣಗಳಾದ ಗಿಟ್‌ಹಬ್ ಅಥವಾ ಕೋಡ್‌ಬರ್ಗ್‌ನಲ್ಲಿ ಇಡುವುದು ರೂಢಿ. ಗ್ನು ಸ್ಟೋ ಅನ್ನುವ ಉಪಕರಣ ಬಳಸಿದರೆ ಎಲ್ಲ ಫೈಲ್ ಒಂದೇ ಫೋಲ್ಡರಿನಲ್ಲಿಟ್ಟು, ಇರಬೇಕಾದ ಜಾಗಕ್ಕೆ ಕೊಂಡಿ ಹಾಕಬಹುದು. ಒಂದೇ ಒಂದು ಎಚ್ಚರ: ಪೂರ್ತಿ ಕಾನ್ಫಿಗ್ ಫೋಲ್ಡರನ್ನು ಕಣ್ಣು ಮುಚ್ಚಿ ಏರಿಸಬೇಡಿ. ಹವಾಮಾನದ ಎಪಿಐ ಕೀ, ಟೋಕನ್ (ಇವೆರಡೂ ಪಾಸ್‌ವರ್ಡಿನಂಥ ಗುಟ್ಟಿನ ಸಂಕೇತಗಳು), ಬ್ರೌಸರಿನ ಕುಕೀ ಅದರಲ್ಲಿರುತ್ತವೆ. ಏರಿಸಿದ ಮೇಲೆ ಅಳಿಸಿದರೂ ಗಿಟ್ ಇತಿಹಾಸದಲ್ಲಿ ಉಳಿದಿರುತ್ತದೆ. ಹಾಗೇನಾದರೂ ಆದರೆ ಫೈಲ್ ಅಳಿಸೋದರಲ್ಲಿ ಹೊತ್ತು ಕಳೆಯದೆ ಮೊದಲು ಆ ಕೀಯನ್ನೇ ರದ್ದು ಮಾಡಿ.

ಬೇರೆಯವರ ಡಾಟ್‌ಫೈಲ್ ತಗೊಳ್ಳುವಾಗ ಇದೇ ಮಾತು ತಿರುಗಿಸಿ. ಅದರ ಜೊತೆ ಬರುವ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಓದದೆ ಓಡಿಸಬೇಡಿ, ಅದರಲ್ಲೂ ಸುಡೋ (ಇಡೀ ಕಂಪ್ಯೂಟರನ್ನು ಬದಲಿಸುವ ಅಧಿಕಾರ) ಕೇಳಿದರೆ. ಅವರ ಮಾನಿಟರ್ ಹೆಸರು, ಅವರ ಮನೆ ಫೋಲ್ಡರಿನ ದಾರಿ ಅದರಲ್ಲಿ ನೇರವಾಗಿ ಬರೆದಿರುತ್ತದೆ, ಅದನ್ನು ನಿಮ್ಮದಕ್ಕೆ ಬದಲಿಸಬೇಕು. ಪೂರ್ತಿ ನಕಲು ಮಾಡೋದಕ್ಕಿಂತ ವೇಬಾರ್ ಭಾಗ ಒಂದು ದಿನ, ರೋಫಿ ಭಾಗ ಇನ್ನೊಂದು ದಿನ ಅಂತ ತಗೊಂಡರೆ ಕೆಟ್ಟಾಗ ಯಾವುದು ಕೆಟ್ಟಿತು ಅಂತ ಗೊತ್ತಿರುತ್ತದೆ.

ನಿಮ್ಮದನ್ನು ಕೊಡುವಾಗ ಕನ್ನಡದಲ್ಲಿ ಒಂದು ಪುಟ ವಿವರಣೆ ಬರೆಯಿರಿ, ಇಂಥದ್ದು ಕನ್ನಡದಲ್ಲಿ ಸಿಗೋದೇ ಕಡಿಮೆ. ಯಾವ ಡಿಸ್ಟ್ರೋ, ಯಾವ ಆವೃತ್ತಿ, ಫಾಂಟ್ ಯಾವುದು, ಕನ್ನಡ ಕೀಬೋರ್ಡಿಗೆ ಏನು ಮಾಡಿದಿರಿ, ಎಲ್ಲ ಇರಲಿ. ಬರೆದ ಮೇಲೆ ನಿಮ್ಮದೇ ಕಂಪ್ಯೂಟರಿನಲ್ಲಿ ಇನ್ನೊಂದು ಹೊಸ ಯೂಸರ್ ಖಾತೆ ತೆರೆದು, ಆ ಪುಟವನ್ನು ಮಾತ್ರ ನೋಡಿಕೊಂಡು ಮೊದಲಿನಿಂದ ಹಾಕಿ ನೋಡಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಐಕಾನ್‌ಗಳ ಜಾಗದಲ್ಲಿ ಚೌಕಗಳು ಬಂದವು. ಆ ಫಾಂಟ್ ನನ್ನ ಹಳೆಯ ಖಾತೆಯ ಫೋಲ್ಡರಿನಲ್ಲಿ ಮಾತ್ರ ಇತ್ತು, ಪುಟದಲ್ಲಿ ಅದರ ಹೆಸರನ್ನೇ ಬರೆದಿರಲಿಲ್ಲ.